ಎರಡು ಗೆಲುವು, ಎಂಟು ಸೋಲು

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಯಾವ ಲೆಕ್ಕ ತೋರಿಸಿದರೂ ಕಣ್ಣು ಮೊದಲು ಹೋಗುವುದು ಕೊನೆಯ ಸಾಲಿಗೆ. ಅಮೆರಿಕದ ಮಾರ್ಷಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ 1971ರ ಲೆಕ್ಕದಲ್ಲಿ ಕೊನೆಯ ಸಾಲು ಹೀಗಿದೆ: ಆಡಿದ್ದು ಹತ್ತು, ಗೆದ್ದದ್ದು ಎರಡು, ಸೋತದ್ದು ಎಂಟು. ಇಂಥ ಖಾತೆ ನಮ್ಮ ಶಾಖೆಗೆ ಸಾಲ ಕೇಳಿಕೊಂಡು ಬಂದಿದ್ದರೆ ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಾಫಿ ತರಿಸಿ, ಮೆತ್ತಗೆ ಸಾಗಹಾಕುತ್ತಿದ್ದರು. ಅದೇ ವಿಶ್ವವಿದ್ಯಾಲಯದ ತಂಡ ಮುಂದೆ 1996ರಲ್ಲಿ ಹದಿನೈದಕ್ಕೆ ಹದಿನೈದೂ ಗೆದ್ದಿದೆ. ಆದರೆ ಆ ಊರಿನವರು ಇವತ್ತಿಗೂ ಕಣ್ಣು ತುಂಬಿಕೊಂಡು ಹೇಳುವುದು ಎರಡೇ ಆಟ ಗೆದ್ದ ವರ್ಷದ ಕಥೆಯನ್ನು.

ಶಿವಮೊಗ್ಗದ ನನಗೂ ಆ ಊರಿಗೂ ಎಲ್ಲಿಯ ಸಂಬಂಧ ಎಂದು ಕೇಳಬಹುದು. ಎರಡು ವರ್ಷದ ಹಿಂದೆ, ಯುಗಾದಿಗೆ ಹತ್ತು ದಿನ ಇರುವಾಗ ನನ್ನ ಹೆಂಡತಿ ತೀರಿಕೊಂಡಳು. ಒಬ್ಬನೇ ಇದ್ದು ಏನು ಮಾಡ್ತೀರಿ ಎಂದು ಮಗಳು ತನ್ನೂರಿಗೆ ಕರೆದುಕೊಂಡು ಹೋದಳು. ಅವಳಿರುವುದು ಓಹಾಯೊ ರಾಜ್ಯದ ರಾಜಧಾನಿ ಕೊಲಂಬಸ್‌ನಲ್ಲಿ. ಆ ಊರಿಗೆ ಫುಟ್‌ಬಾಲ್ ಹುಚ್ಚು ಎಂದರೆ ಕಡಿಮೆಯೇ. ಅಲ್ಲಿಯ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಆಡುವವರು ಇನ್ನೂ ಪರೀಕ್ಷೆ ಬರೆಯುವ ಹುಡುಗರು. ಶನಿವಾರ ಬಂತೆಂದರೆ ಹಾಲು ತರಲು ಹೋದ ಮುದುಕರ ಮೈಮೇಲೂ ತಂಡದ ಕೆಂಪು ಅಂಗಿ.

ನನ್ನ ಮೊಮ್ಮಗ ಆಗ ಒಂಬತ್ತನೆಯ ತರಗತಿ. ಶಾಲೆಯ ತಂಡಕ್ಕೆ ಆಯ್ಕೆಯಾಗಿದ್ದ. ಗೌರಿ ಹಬ್ಬದ ದಿನ ಮಗಳು ಕಡುಬು ಮಾಡಲಿಲ್ಲ, ಬಾಗಿಲಿಗೆ ತೋರಣ ಕಟ್ಟಲಿಲ್ಲ. ಮನೆಯಲ್ಲಿ ಸಾವಾದ ವರ್ಷ ಹಬ್ಬವಿಲ್ಲ ಎಂಬುದು ನಮ್ಮ ಕಡೆಯ ಪದ್ಧತಿ. ಹುಡುಗ ಎರಡು ದಿನ ಏನೋ ಯೋಚಿಸಿ, ಮೂರನೆಯ ದಿನ ನನ್ನ ಕೋಣೆಗೆ ಬಂದು ಕೇಳಿದ: "ಅಜ್ಜ, ಈ ವರ್ಷ ಹಬ್ಬ ಇಲ್ಲ ಅಂದ್ರೆ ನಾನು ಫುಟ್‌ಬಾಲೂ ಆಡಬಾರದಾ?"

ಅಡುಗೆಮನೆಯಿಂದ ಅವನಮ್ಮನ ಉತ್ತರವೇ ಮೊದಲು ಬಂತು. "ಆಡದೇ ಇದ್ರೆ ಅಜ್ಜಿಗೂ ಸಮಾಧಾನ." ಅವಳಿಗೆ ಪದ್ಧತಿಯ ಚಿಂತೆಗಿಂತ ಮಗನ ಕೈಕಾಲಿನ ಚಿಂತೆ ದೊಡ್ಡದು, ಆ ಆಟವನ್ನು ಒಮ್ಮೆ ನೋಡಿದ ಯಾವ ತಾಯಿಗೂ ಇರುವಂಥದ್ದೇ. ನಾನು ಏನೂ ಹೇಳಲಿಲ್ಲ. ಅಳಿಯ ಮಾತ್ರ ರಾತ್ರಿ ಊಟವಾದ ಮೇಲೆ, "ಮಾವ, ಭಾನುವಾರ ಹಂಟಿಂಗ್ಟನ್‌ಗೆ ಹೋಗಿ ಬರೋಣ, ಎರಡೂವರೆ ಗಂಟೆ ದಾರಿ" ಎಂದರು.

ಅಲ್ಲಿಗೆ ಹೋಗುವ ಮುಂಚೆ ಆಟದ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಇದು ನಾವು ಫುಟ್‌ಬಾಲ್ ಎನ್ನುವ ಕಾಲ್ಚೆಂಡಿನ ಆಟವಲ್ಲ. ಚೆಂಡು ಎರಡೂ ತುದಿ ಚೂಪಾದ ಸಿಪ್ಪೆ ಸುಲಿಯದ ತೆಂಗಿನಕಾಯಿಯಂತೆ. ಹೆಚ್ಚಿನ ಕೆಲಸವೆಲ್ಲ ಕೈಯಲ್ಲೇ. ಕಡೆಗೆ ಹನ್ನೊಂದು ಜನ, ನೂರು ಗಜದ ಮೈದಾನ. ಚೆಂಡು ಇದ್ದವರಿಗೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು, ಹೋಗದಿದ್ದರೆ ಚೆಂಡು ಎದುರಾಳಿಗೆ. ಹಾಗೆ ಹತ್ತು ಹತ್ತಾಗಿ ಕೂಡಿಸುತ್ತ ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಅಂದರೆ ಆರು ಅಂಕ. ಕಂಬಗಳ ನಡುವೆ ಒದ್ದು ಹಾರಿಸಿದರೆ ಮೂರು. ಚೆಂಡು ಹಿಡಿದವನನ್ನು ಕೆಡವುವುದು ಕಬಡ್ಡಿಯ ಹಾಗೆ, ಆದರೆ ಕೆಡವುವವನ ತೂಕ ನೂರು ಕಿಲೋ. ತಂಡದ ತಲೆ ಎಂದರೆ ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಎಂದು ಕಣ್ಣು ಮಿಟುಕಿಸುವುದರಲ್ಲಿ ತೀರ್ಮಾನಿಸುವವನು ಅವನೇ.

ಹಂಟಿಂಗ್ಟನ್ ಇರುವುದು ಓಹಾಯೊ ನದಿಯ ಆಚೆ ದಡದಲ್ಲಿ, ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ. ಕಲ್ಲಿದ್ದಲಿನ ಸೀಮೆ. 1970ರಲ್ಲಿ ಊರಿನ ಜನಸಂಖ್ಯೆ ಎಪ್ಪತ್ತು ಸಾವಿರದ ಮೇಲೆ ಸ್ವಲ್ಪ. ವಿಶ್ವವಿದ್ಯಾಲಯ ಊರ ನಡುವೆಯೇ ಇದೆ.

ಆ ವರ್ಷ ನವೆಂಬರ್ 14, ಶನಿವಾರ. ಮಾರ್ಷಲ್ ತಂಡ ನಾರ್ತ್ ಕ್ಯಾರೊಲೈನಾದಲ್ಲಿ ಈಸ್ಟ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಎದುರು 17–14ರಿಂದ ಸೋತು, ಬಾಡಿಗೆ ವಿಮಾನದಲ್ಲಿ ಮನೆಗೆ ಹೊರಟಿತ್ತು. ಮಳೆ, ಮಂಜು. ಇಳಿಯುವ ಪಟ್ಟಿ ಇನ್ನೇನು ಒಂದು ಮೈಲಿ ಇದೆ ಎನ್ನುವಾಗ ವಿಮಾನ ಗುಡ್ಡದ ಮರಗಳಿಗೆ ತಗುಲಿತು. ಒಳಗಿದ್ದ 75 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅದರಲ್ಲಿ 37 ಮಂದಿ ಆಟಗಾರರು. ಮುಖ್ಯ ತರಬೇತುದಾರ ರಿಕ್ ಟಾಲಿ ಮತ್ತು ಅವರ ಜೊತೆಯವರು, ಐವರು ವಿಮಾನ ಸಿಬ್ಬಂದಿ. ಉಳಿದವರು ತಂಡದ ಜೊತೆ ಆಟ ನೋಡಲು ಹೋಗಿದ್ದ ಊರಿನವರೇ: ಡಾಕ್ಟರುಗಳು, ವ್ಯಾಪಾರಿಗಳು, ನಗರಸಭೆಯ ಸದಸ್ಯರೊಬ್ಬರು. ಎಷ್ಟೋ ಮಂದಿ ಗಂಡ ಹೆಂಡತಿ ಜೊತೆಯಾಗಿ ಹೋಗಿದ್ದರು. 70 ಮಕ್ಕಳು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡರು. ಅವರಲ್ಲಿ 18 ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ.

ಯಾಕೆ ಹೀಗಾಯಿತು ಎಂದು ತನಿಖೆ ನಡೆಯಿತು. ನೆಲ ಕಣ್ಣಿಗೆ ಬೀಳುವ ಮುಂಚೆಯೇ ವಿಮಾನ ಇಳಿಯಬೇಕಾದ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು ಎಂದಷ್ಟೇ ಗೊತ್ತಾಯಿತು. ಅದಕ್ಕೆ ಕಾರಣ ಉಪಕರಣವೋ, ನೋಡಿದವರ ಕಣ್ಣೋ, ಕೊನೆಗೂ ಇತ್ಯರ್ಥವಾಗಲಿಲ್ಲ.

ಸಹಾಯಕ ತರಬೇತುದಾರ ರೆಡ್ ಡಾಸನ್ ಬದುಕಿದ್ದು ಅವರು ಕಾರಿನಲ್ಲಿದ್ದರು ಎಂಬ ಒಂದೇ ಕಾರಣಕ್ಕೆ. ಮುಂದಿನ ವರ್ಷಕ್ಕೆ ಹುಡುಗರನ್ನು ಹುಡುಕುತ್ತ ವರ್ಜೀನಿಯಾದ ಒಂದು ಕಾಲೇಜಿನ ದಾರಿ ಹಿಡಿದಿದ್ದರು. ಜೊತೆಯಲ್ಲಿ ಗೇಲ್ ಪಾರ್ಕರ್ ಎಂಬ ಇನ್ನೊಬ್ಬ ತರಬೇತುದಾರ. ಹೋಗುವಾಗ ವಿಮಾನದಲ್ಲಿ ಹೋಗಿದ್ದವರು, ಬರುವಾಗ ಡೀಕ್ ಬ್ರಾಕೆಟ್ ಎಂಬವರ ಜೊತೆ ಜಾಗ ಬದಲಾಯಿಸಿಕೊಂಡಿದ್ದರು. ಬ್ರಾಕೆಟ್ ವಿಮಾನ ಹತ್ತಿದರು, ಪಾರ್ಕರ್ ಕಾರು ಹತ್ತಿದರು. ಸುದ್ದಿ ಕೇಳಿದ್ದು ಕಾರಿನ ರೇಡಿಯೊದಲ್ಲಿ.

ಇನ್ನೂ ಒಂದು ಗುಂಪು ಉಳಿಯಿತು. ಆಗಿನ ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ಫುಟ್‌ಬಾಲ್ ತಂಡದಲ್ಲಿ ಆಡುವಂತಿರಲಿಲ್ಲ. ಹಾಗಾಗಿ ಮೊದಲ ವರ್ಷದ ಹುಡುಗರು ಆ ದಿನ ಊರಿನಲ್ಲೇ ಇದ್ದರು. ನಿಯಮವೇ ಅವರ ಜೀವ ಕಾಯಿತು. ಗಾಯದಿಂದಲೋ ಮತ್ತೊಂದು ಕಾರಣದಿಂದಲೋ ಹಿಂದುಳಿದ ಹಿರಿಯ ಆಟಗಾರರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬ, ಕೈಗೆ ಪೆಟ್ಟಾಗಿದ್ದ ನೇಟ್ ರಫಿನ್.

ತಂಡವನ್ನೇ ನಿಲ್ಲಿಸಿಬಿಡೋಣ ಎನ್ನುವ ಮಾತು ಆಗ ಎದ್ದಿತು. ಅದೇನು ತಪ್ಪು ಮಾತಲ್ಲ. ಊರಿನ ಬೀದಿ ಬೀದಿಯಲ್ಲಿ ಸಾವಾಗಿರುವಾಗ ಬ್ಯಾಂಡು ಬಾರಿಸಿಕೊಂಡು ಆಟ ನೋಡುವುದು ಹೇಗೆ? ಮಗನನ್ನು ಕಳೆದುಕೊಂಡ ತಂದೆಗೆ, ಅದೇ ಹಸಿರು ಅಂಗಿ ಬೇರೊಬ್ಬ ಹುಡುಗನ ಮೈಮೇಲೆ ಕಂಡರೆ ಹೇಗಾದೀತು? ನನ್ನ ಮಗಳು ಕಡುಬು ಮಾಡದಿದ್ದದ್ದು ಇದೇ ಭಾವನೆಯಿಂದ. ಆದರೆ ಆಡಬೇಕು ಎಂದು ಹಟ ಹಿಡಿದವರಲ್ಲಿ ಉಳಿದ ಹುಡುಗರೇ ಮುಂದೆ ಇದ್ದರು ಎಂಬುದನ್ನು ಗಮನಿಸಬೇಕು. ಗೆಳೆಯರ ಹೆಣಗಳನ್ನು ಗುರುತಿಸಲು ಹೋಗಿ ಬಂದವರು ಅವರು. ಊಟದ ಹಾಲಿನಲ್ಲಿ ಖಾಲಿ ಕುರ್ಚಿ ನೋಡುತ್ತಿದ್ದವರೂ ಅವರೇ.

ವಿಶ್ವವಿದ್ಯಾಲಯ ಆಡುವ ತೀರ್ಮಾನಕ್ಕೆ ಬಂತು. ಆದರೆ ತರಬೇತುದಾರ ಬೇಕಲ್ಲ. ಮೊದಲು ಒಪ್ಪಿಕೊಂಡು ಬಂದವರೊಬ್ಬರು ಕೆಲವೇ ದಿನಗಳಲ್ಲಿ ವಾಪಸು ಹೋದರು. ಕೊನೆಗೆ 1971ರ ಮಾರ್ಚ್‌ನಲ್ಲಿ ಓಹಾಯೊದ ವೂಸ್ಟರ್ ಎಂಬ ಸಣ್ಣ ಕಾಲೇಜಿನಿಂದ ಜ್ಯಾಕ್ ಲೆಂಗೆಲ್ ಬಂದರು. ಡಾಸನ್ ಒಂದು ವರ್ಷ ಮಾತ್ರ ಇರುತ್ತೇನೆ ಎಂದು ಉಳಿದರು. ಹೇಳಿದಂತೆಯೇ ಆ ವರ್ಷ ಮುಗಿಸಿ ತರಬೇತಿಯ ಕೆಲಸವನ್ನೇ ಬಿಟ್ಟರು.

ಆಟಗಾರರು ಎಲ್ಲಿಂದ? ಮೊದಲ ವರ್ಷದವರಿಗೂ ಮುಖ್ಯ ತಂಡದಲ್ಲಿ ಆಡಲು ಎನ್‌ಸಿಎಎ ವಿಶೇಷ ಅನುಮತಿ ಕೊಟ್ಟಿತು. ಹಿಂದಿನ ವರ್ಷ ಹುಡುಗರ ಪ್ರಾಣ ಉಳಿಸಿದ ನಿಯಮ, ಈ ವರ್ಷ ಸಡಿಲಿಸದೆ ಗತಿಯಿರಲಿಲ್ಲ. (ಇದಕ್ಕೆ ಆರು ವಾರ ಮೊದಲು, 1970ರ ಅಕ್ಟೋಬರ್ 2ರಂದು, ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಎರಡು ವಿಮಾನಗಳಲ್ಲಿ ಒಂದು ಕೊಲೊರಾಡೊ ಬೆಟ್ಟಗಳಲ್ಲಿ ಬಿದ್ದು 31 ಜನ ಸತ್ತಿದ್ದರು. ಅವರಿಗೂ ಇಂಥದೇ ಅನುಮತಿ ಸಿಕ್ಕಿತ್ತು. ಅವರು ಆ ವರ್ಷವೇ ಉಳಿದ ಆಟಗಳನ್ನು ಆಡಿ ಮುಗಿಸಿದರು. ಎಂಥ ವರ್ಷವಪ್ಪ ಅದು.) ಬ್ಯಾಸ್ಕೆಟ್‌ಬಾಲ್ ಆಡುವವರು ಬಂದರು. ಚೆಂಡು ಒದೆಯಲು ಬ್ಲೇಕ್ ಸ್ಮಿತ್ ಎಂಬವನು ಸಿಕ್ಕಿದ್ದು ಸಾಕರ್ ಮೈದಾನದಿಂದ. ತಂಡಕ್ಕೆ ಮೊದಲಿಂದ ಇದ್ದ ಹೆಸರು "ಥಂಡರಿಂಗ್ ಹರ್ಡ್", ಗುಡುಗುವ ಮಂದೆ. ಲೆಂಗೆಲ್ ಅದಕ್ಕೆ "ಯಂಗ್" ಎಂಬ ಒಂದು ಪದ ಸೇರಿಸಿದರು, ಎಳೆಯರ ಮಂದೆ.

ಎಳೆಯರು ಎಂದರೆ ಮೈಕಟ್ಟಿನಲ್ಲೂ ಎಳೆಯರೇ. ಎದುರಾಳಿಗಳನ್ನು ಎದೆಗೆ ಎದೆ ಕೊಟ್ಟು ತಳ್ಳುವ ಶಕ್ತಿ ಅವರಿಗಿರಲಿಲ್ಲ. ಅದಕ್ಕೆ ಲೆಂಗೆಲ್ ಆರಿಸಿಕೊಂಡದ್ದು "ವೀರ್" ಎಂಬ ಪಟ್ಟು. ಅದರಲ್ಲಿ ಎದುರಾಳಿಯ ಒಬ್ಬನನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಅವನು ಯಾವ ಕಡೆ ನುಗ್ಗುತ್ತಾನೆ ಎಂದು ಕ್ವಾರ್ಟರ್‌ಬ್ಯಾಕ್ ನೋಡುತ್ತಾನೆ. ಈ ಕಡೆ ಬಂದರೆ ಚೆಂಡು ಆ ಕಡೆಯವನಿಗೆ, ಆ ಕಡೆ ಹೋದರೆ ತಾನೇ ಹಿಡಿದು ಓಡುವುದು. ಹೀಗೆ ಬಲ ಕಡಿಮೆ ಇದ್ದವರೂ ಒಬ್ಬನನ್ನು ಪುಕ್ಕಟೆಯಾಗಿ ಆಟದಿಂದ ಹೊರಗಿಡಬಹುದು. ಈ ಪಟ್ಟನ್ನು ಕಲಿಸಿದವರು ಯಾರು ಗೊತ್ತೆ? ಅದೇ ರಾಜ್ಯದ ದೊಡ್ಡ ತಂಡ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತರಬೇತುದಾರ ಬಾಬಿ ಬೌಡನ್. ತಮ್ಮ ಆಟದ ಪುಸ್ತಕ, ಫಿಲ್ಮುಗಳನ್ನೆಲ್ಲ ಲೆಂಗೆಲ್ ಮುಂದೆ ಬಿಚ್ಚಿಟ್ಟರು. ಫುಟ್‌ಬಾಲ್ ಲೋಕದಲ್ಲಿ ಇದು ಬ್ಯಾಂಕಿನವರು ತಿಜೋರಿಯ ಬೀಗದಕೈ ಪಕ್ಕದ ಬ್ಯಾಂಕಿಗೆ ಕೊಟ್ಟ ಹಾಗೆ.

ಅಮೆರಿಕದ ಅಧ್ಯಕ್ಷ ನಿಕ್ಸನ್ ಪತ್ರ ಬರೆದರು. ಋತು ಹೇಗೇ ಮುಗಿಯಲಿ, ತಂಡವನ್ನು ಮೈದಾನಕ್ಕೆ ಇಳಿಸಿದ್ದೇ ನಿಮ್ಮ ದೊಡ್ಡ ಗೆಲುವು ಎನ್ನುವ ಅರ್ಥದ ಪತ್ರ. ಹಿರಿಯರು ಸಮಾಧಾನಕ್ಕೆ ಬರೆಯುವುದೇ ಹಾಗೆ. ಹದಿನೆಂಟು ವರ್ಷದ ಹುಡುಗರಿಗೆ ಅದು ಸಾಕಾಗುವುದಿಲ್ಲ, ಅವರಿಗೆ ಆಟವನ್ನೇ ಗೆಲ್ಲಬೇಕು.

1971 ಎಂದರೆ ನನಗೆ ನೆನಪಾಗುವುದೇ ಬೇರೆ. ನಾನಾಗ ಬಿ.ಕಾಂ. ವಿದ್ಯಾರ್ಥಿ. ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮಡಚಿದಾಗ ಹಾಸ್ಟೆಲಿನ ಒಂದೇ ರೇಡಿಯೊದ ಸುತ್ತ ನಾವು ಕುಣಿದಿದ್ದೆವು. ಪೋಲಿಯೊದಿಂದ ಬಡಕಲಾದ ಕೈಯಲ್ಲಿ ಎಸೆದ ಚೆಂಡುಗಳವು. ಅದಾದ ತಿಂಗಳಿಗೆ ಸರಿಯಾಗಿ ಜಗತ್ತಿನ ಇನ್ನೊಂದು ಮಗ್ಗುಲಲ್ಲಿ ಇವರು ಮೈದಾನಕ್ಕಿಳಿಯುತ್ತಿದ್ದರು.

ಸೆಪ್ಟೆಂಬರ್ 18ರಂದು ಮೊದಲ ಆಟ, ಮೋರ್‌ಹೆಡ್ ಸ್ಟೇಟ್ ಎದುರು. 29–6ರ ಸೋಲು. ಒಂದು ವಾರ ಬಿಟ್ಟು, ಸೆಪ್ಟೆಂಬರ್ 25ರಂದು, ಹಂಟಿಂಗ್ಟನ್‌ನ ಫೇರ್‌ಫೀಲ್ಡ್ ಕ್ರೀಡಾಂಗಣದಲ್ಲಿ ಊರಿನವರ ಎದುರಿಗೆ ಮೊದಲ ಆಟ. ಎದುರಾಳಿ ಸಿನ್ಸಿನಾಟಿಯ ಝೇವಿಯರ್ ವಿಶ್ವವಿದ್ಯಾಲಯ. ಸಾಕರ್ ಹುಡುಗ ಸ್ಮಿತ್ ಒದ್ದ ಚೆಂಡು ಕಂಬಗಳ ನಡುವೆ ಹಾರಿ ಮೂರು ಅಂಕ ಬಂತು. ಆಮೇಲೆ ಅವರೊಮ್ಮೆ ಮುಂದೆ, ಇವರೊಮ್ಮೆ ಮುಂದೆ. ಕೊನೆಗೆ ಝೇವಿಯರ್ 13, ಮಾರ್ಷಲ್ 9. ಗಡಿಯಾರದಲ್ಲಿ ಉಳಿದಿರುವುದು ಒಂದೇ ಒಂದು ಅವಕಾಶದಷ್ಟು ಹೊತ್ತು. ಕೊನೆಯ ಗೆರೆಗೆ 13 ಗಜ.

ಕ್ವಾರ್ಟರ್‌ಬ್ಯಾಕ್ ರೆಜಿ ಆಲಿವರ್. ಹಿಂದಿನ ವರ್ಷ ನಿಯಮದಿಂದಾಗಿ ಊರಿನಲ್ಲೇ ಉಳಿದಿದ್ದ ಹುಡುಗರಲ್ಲೊಬ್ಬ. ಚೆಂಡು ಹಿಡಿದು ಒಂದು ಪಕ್ಕಕ್ಕೆ ಓಡಿದ, ಎದುರಾಳಿಗಳೆಲ್ಲ ಅವನ ಹಿಂದೆ ಬಿದ್ದರು. ತಟ್ಟನೆ ತಿರುಗಿ ಎದುರು ಪಕ್ಕಕ್ಕೆ ಎಸೆದ. ಅಲ್ಲಿದ್ದವನು ಮೊದಲ ವರ್ಷದ ಟೆರ್ರಿ ಗಾರ್ಡನರ್, ವಿಶೇಷ ಅನುಮತಿ ಸಿಗದಿದ್ದರೆ ಆ ದಿನ ಗ್ಯಾಲರಿಯಲ್ಲಿ ಕೂತಿರಬೇಕಾದವನು. ಅವನು ಚೆಂಡು ಹಿಡಿದು ಗೆರೆ ದಾಟುವಷ್ಟರಲ್ಲಿ ಸಮಯ ಮುಗಿದಿತ್ತು. 15–13.

ಜನ ಮೈದಾನಕ್ಕೆ ನುಗ್ಗಿದರು. ಆಟ ಮುಗಿದು ಬಹಳ ಹೊತ್ತಾದರೂ ಯಾರೂ ಮನೆಗೆ ಹೋಗಲಿಲ್ಲವಂತೆ. ಅತ್ತರು, ತಬ್ಬಿಕೊಂಡರು, ಸುಮ್ಮನೆ ಹುಲ್ಲಿನ ಮೇಲೆ ನಿಂತರು.

ಈ ಕಥೆಯನ್ನು 2006ರಲ್ಲಿ "ವಿ ಆರ್ ಮಾರ್ಷಲ್" ಎಂಬ ಸಿನಿಮಾ ಮಾಡಿದ್ದಾರೆ. ಅಳಿಯನ ಮನೆಯಲ್ಲಿ ಎಲ್ಲರೂ ಕೂತು ನೋಡಿದೆವು. ಚೆನ್ನಾಗಿದೆ. ಆದರೆ ಈ ಗೆಲುವಿನ ಹೊತ್ತಿಗೆ ಸಿನಿಮಾ ಮುಗಿದುಬಿಡುತ್ತದೆ, ಅದು ನನಗೆ ಸರಿಬರಲಿಲ್ಲ. ತಿಂಗಳ ಮಧ್ಯದಲ್ಲಿ ಲೆಡ್ಜರ್ ಮುಚ್ಚಿದರೆ ಹೇಗೆ? ಮುಂದಿನ ಆಟದಲ್ಲಿ ಓಹಾಯೊದ ಮಯಾಮಿ ವಿಶ್ವವಿದ್ಯಾಲಯ ಇವರನ್ನು 66–6ರಿಂದ ಸೋಲಿಸಿತು. ಅರವತ್ತಾರು! ಆಮೇಲೂ ಸೋಲಿನ ಮೇಲೆ ಸೋಲು. ಕೆಲವು ಆಟಗಳಲ್ಲಿ ಒಂದು ಅಂಕವೂ ಇಲ್ಲ. ನನಗೆ ಆ ಹುಡುಗರ ಮೇಲೆ ಗೌರವ ಹೆಚ್ಚಾದದ್ದು ಇಲ್ಲಿ. ಕೊನೆಯ ಕ್ಷಣದಲ್ಲಿ ಗೆದ್ದ ಶನಿವಾರದ ಮರುದಿನ ಯಾರು ಬೇಕಾದರೂ ಅಭ್ಯಾಸಕ್ಕೆ ಬಂದಾರು. ಅರವತ್ತು ಅಂಕಗಳ ಅಂತರದಲ್ಲಿ ಸೋತು, ಮೈಯೆಲ್ಲ ಬಾತುಕೊಂಡು, ಸೋಮವಾರ ಮಧ್ಯಾಹ್ನ ಮತ್ತೆ ಹೆಲ್ಮೆಟ್ ಹಾಕಿಕೊಳ್ಳುವುದಿದೆಯಲ್ಲ, ಅದಕ್ಕೆ ಸಿನಿಮಾದಲ್ಲಿ ಹಾಡಿಲ್ಲ.

ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಬರುವ ಹೋಮ್‌ಕಮಿಂಗ್ ದಿನ ಮಾತ್ರ ಬೌಲಿಂಗ್ ಗ್ರೀನ್ ತಂಡವನ್ನು 12–10ರಿಂದ ಗೆದ್ದರು. ಎರಡನೆಯ ಗೆಲುವು ಅದು. ಅಲ್ಲಿಗೆ ಮುಗಿಯಿತು. ನಂತರದ ವರ್ಷಗಳೂ ಕಷ್ಟದವೇ. ಸೋಲಿಗಿಂತ ಗೆಲುವು ಹೆಚ್ಚಾದ ಋತುವಿಗೆ 1984ರ ತನಕ ಕಾಯಬೇಕಾಯಿತು.

ಆ ಭಾನುವಾರ ನಾವು ಸ್ಪ್ರಿಂಗ್ ಹಿಲ್ ಸ್ಮಶಾನಕ್ಕೆ ಹೋದೆವು. ಊರು ಕಾಣುವ ದಿಬ್ಬ. ಗುರುತು ಸಿಗದ ಆರು ಆಟಗಾರರನ್ನು ಅಲ್ಲಿ ಒಟ್ಟಿಗೆ ಮಣ್ಣು ಮಾಡಿದ್ದಾರೆ. 1971ರ ತಂಡದ ನಾಯಕರಲ್ಲೊಬ್ಬನಾಗಿದ್ದ ನೇಟ್ ರಫಿನ್ 2001ರಲ್ಲಿ ತೀರಿಕೊಂಡಾಗ ಅವನ ಸಮಾಧಿಯೂ ಅವರ ಪಕ್ಕದಲ್ಲೇ ಆಯಿತು. ಮೊಮ್ಮಗ ಕಲ್ಲಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದ. ಆಮೇಲೆ ನನ್ನ ಮುಖ ನೋಡಿದ. ಪ್ರಶ್ನೆ ಇನ್ನೂ ಬಾಕಿ ಇತ್ತಲ್ಲ.

ನಾನು ಅವನಿಗೆ ಶುಭಸ್ವೀಕಾರದ ವಿಷಯ ಹೇಳಿದೆ. ಅಜ್ಜಿಯ ಕ್ರಿಯೆಗಳೆಲ್ಲ ಮುಗಿದ ಮೇಲೆ, ಹದಿಮೂರನೆಯ ದಿನ, ನೆಂಟರಿಷ್ಟರನ್ನು ಕೂರಿಸಿ ಎಲೆಗೆ ಹೋಳಿಗೆ ಬಡಿಸಿದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನಕ್ಕ, ಎಂಬತ್ತು ದಾಟಿದವಳು, "ತಿನ್ನು ಮಾರಾಯ, ಇದು ನಿನ್ನ ನಾಲಿಗೆಗೆ ಬಡಿಸಿದ್ದಲ್ಲ" ಎಂದು ಗದರಿದಳು. ತಿಂದೆ. ವರ್ಷವಿಡೀ ಹಬ್ಬ ಬೇಡ ಎಂದ ಹಿರಿಯರೇ ಹದಿಮೂರನೆಯ ದಿನ ಸಿಹಿ ತಿನ್ನು ಎಂದೂ ಹೇಳಿಟ್ಟಿದ್ದಾರೆ. ಈ ಊರಿನವರು 1971ರಲ್ಲಿ ಮಾಡಿದ್ದು ಆ ಎರಡನೆಯ ಕೆಲಸ ಎಂದು ನನಗೆ ತೋರಿತು. ಹತ್ತು ಶನಿವಾರ, ಇಳಿಯದ ತುತ್ತು.

"ಅಂದ್ರೆ ಆಡಬಹುದು?" ಎಂದ.

"ಆಡು. ಕಡುಬು ಮುಂದಿನ ವರ್ಷ" ಎಂದೆ. ಮಗಳು ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾಗಿ, "ಹಾಗಾದ್ರೆ ಆ ಹೆಲ್ಮೆಟ್ ಸ್ವಲ್ಪ ಬಿಗಿಯಾಗಿರೋದು ತಗೋ" ಎಂದಳು.

ವಾಪಸು ಹೊರಡುವ ಮುಂಚೆ ವಿಶ್ವವಿದ್ಯಾಲಯದ ಅಂಗಳದಲ್ಲಿರುವ ಕಾರಂಜಿ ನೋಡಿದೆವು. ಹ್ಯಾರಿ ಬರ್ಟೋಯಾ ಎಂಬ ಶಿಲ್ಪಿ ಮಾಡಿದ್ದು, 1972ರ ನವೆಂಬರ್‌ನಲ್ಲಿ ಸ್ಥಾಪಿಸಿದ್ದು. ಹದಿಮೂರು ಅಡಿ ಎತ್ತರ, ನೆಲದಿಂದ ಮೇಲಕ್ಕೆ ಚಿಗುರಿದಂತೆ ಲೋಹದ ಕೊಳವೆಗಳು, ಅವುಗಳ ನಡುವಿನಿಂದ ನೀರು. ಪ್ರತಿ ವರ್ಷ ನವೆಂಬರ್ 14ರಂದು ವಿದ್ಯಾರ್ಥಿಗಳೂ ಊರಿನವರೂ ಅದರ ಸುತ್ತ ಸೇರುತ್ತಾರೆ. ಎಪ್ಪತ್ತೈದು ಹೆಸರುಗಳನ್ನೂ ಓದುತ್ತಾರೆ. ಓದಿ ಮುಗಿದ ಮೇಲೆ ನೀರು ನಿಲ್ಲಿಸುತ್ತಾರೆ. ಚಳಿಗಾಲವಿಡೀ ಅದು ಹಾಗೇ ಒಣಗಿ ನಿಂತಿರುತ್ತದೆ. ವಸಂತ ಬಂದಾಗ ಮತ್ತೆ ನೀರು ಬಿಡುತ್ತಾರೆ. ನಾವು ಹೋದದ್ದು ಸೆಪ್ಟೆಂಬರ್‌ನಲ್ಲಿ. ನೀರು ಹರಿಯುತ್ತಿತ್ತು, ಕಟ್ಟೆಯ ಮೇಲೆ ಒಬ್ಬ ಹುಡುಗಿ ಕೂತು ಲ್ಯಾಪ್‌ಟಾಪಿನಲ್ಲಿ ಏನೋ ಬರೆಯುತ್ತಿದ್ದಳು.